ಲೈನ್ ಜಾಮ್ ಆದಾಗ ಮೊದಲು ಏನು ನೋಡಬೇಕು: ಎತ್ತರದ ಕಟ್ಟಡಕ್ಕೆ ಕಾಂಕ್ರೀಟ್ ಏರಿಸುವವರಿಗೊಂದು ದೋಷ ನಿವಾರಣೆ ಕೈಪಿಡಿ

ರಾತ್ರಿ ಎರಡೂಕಾಲು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಡೆ ಒಂದು ಸೈಟು. 27ನೇ ಮಹಡಿಯ ಸ್ಲ್ಯಾಬ್ ಹಾಕುತ್ತಿದ್ದೆವು. ಹನ್ನೊಂದನೇ ಕಾಂಕ್ರೀಟ್ ಗಾಡಿ ಅರ್ಧ ಖಾಲಿಯಾಗಿತ್ತು. ಮೇಲಿಂದ ವಾಕಿಟಾಕಿಯಲ್ಲಿ "ಮಾಲು ಬರ್ತಿಲ್ಲ ಸಾರ್" ಅಂದರು. ಕೆಳಗೆ ಪಂಪಿನ ಒತ್ತಡ ತೋರಿಸುವ ಗೇಜಿನಲ್ಲಿ 150 ಬಾರ್ (ಒತ್ತಡದ ಅಳತೆ) ಆಸುಪಾಸು ಇರಬೇಕಾದ ಮುಳ್ಳು 230 ದಾಟಿತ್ತು. ಆಪರೇಟರ್ ಮಾಡಿದ ಮೊದಲ ಕೆಲಸ, ಇನ್ನೂ ಜೋರಾಗಿ ತಳ್ಳಿದ್ದು. ನಾನು ಮಾಡಿದ ಮೊದಲ ಕೆಲಸ, ಕಾಂಕ್ರೀಟ್ ಕಲಸಿ ಕಳಿಸುವ ಪ್ಲಾಂಟಿಗೆ ಫೋನ್ ಮಾಡಿ ಬೈದದ್ದು. ಎರಡೂ ತಪ್ಪು. ತಪ್ಪು ಪಂಪಿನಲ್ಲೂ ಇರಲಿಲ್ಲ, ಮಾಲಿನಲ್ಲೂ ಇರಲಿಲ್ಲ. 14ನೇ ಮಹಡಿಯಲ್ಲಿ ಯಾರೋ ಕಿತ್ತುಹಾಕಿದ್ದ ಒಂದು ಮರದ ಬೆಣೆಯಲ್ಲಿ ಇತ್ತು. ಅದು ಗೊತ್ತಾಗುವಷ್ಟರಲ್ಲಿ ಒಂದೂವರೆ ಗಂಟೆ ಹೋಗಿತ್ತು.

ಆ ಒಂದೂವರೆ ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸೋದು ಹೇಗೆ ಅನ್ನೋದೇ ಈ ಬರಹ. ಲೈನ್ ಪಂಪ್ (ನೆಲದಲ್ಲಿ ನಿಂತು ಪೈಪಿನ ಸಾಲಿನಲ್ಲಿ, ಅಂದರೆ ಲೈನಿನಲ್ಲಿ, ಕಾಂಕ್ರೀಟ್ ಮೇಲಕ್ಕೆ ತಳ್ಳುವ ಪಂಪು), 125 ಮಿ.ಮೀ. ಪೈಪು, 20 ಮಿ.ಮೀ. ಜಲ್ಲಿ ಅಂತ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮ ಊರಿನ ಬಹುತೇಕ ಟವರ್ ಸೈಟುಗಳಲ್ಲಿ ಇರೋದು ಇದೇ.

ಪೈಪಿನೊಳಗೆ ಏನು ನಡೀತಿದೆ

ಇದು ತಲೆಯಲ್ಲಿ ಕೂರದೆ ದೋಷ ಹುಡುಕೋಕೆ ಆಗಲ್ಲ. ಕಾಂಕ್ರೀಟ್ ಪೈಪಿನಲ್ಲಿ ನೀರಿನ ಹಾಗೆ ಹರಿಯುವುದಿಲ್ಲ. ಇಡೀ ಕಂಬದ ಹಾಗೆ ಒಟ್ಟಿಗೆ ಜಾರುತ್ತದೆ. ಪೈಪಿನ ಗೋಡೆಗೆ ಅಂಟಿದ ತೆಳುವಾದ ಸಿಮೆಂಟ್ ಹಾಲು ಅದಕ್ಕೆ ಎಣ್ಣೆ ಇದ್ದ ಹಾಗೆ. ಬಿಸಿಬೇಳೆಬಾತ್ ಸೌಟಿನಿಂದ ಇಳಿಯೋದು ನೋಡಿದ್ದೀರಲ್ಲ, ಅನ್ನ ಬೇಳೆ ತರಕಾರಿ ಎಲ್ಲ ಒಟ್ಟಿಗೆ ಬರುತ್ತದೆ. ರಸ ಒಂದು ಕಡೆ, ಅನ್ನ ಒಂದು ಕಡೆ ಆದರೆ ಸೌಟಿಗೇ ಅಂಟಿಕೊಳ್ಳುತ್ತದೆ. ಕಾಂಕ್ರೀಟೂ ಹಾಗೇ. ಹಾಲು ಎಲ್ಲಿ ಕೈಕೊಟ್ಟಿತೋ ಅಲ್ಲಿ ಜಲ್ಲಿಗೆ ಜಲ್ಲಿ ತಾಗುತ್ತದೆ. ತಾಗಿದ ಜಲ್ಲಿ ಪೈಪಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಆಮೇಲೆ ನೀವು ಜೋರಾಗಿ ತಳ್ಳಿದಷ್ಟೂ ಅದು ಗಟ್ಟಿಯಾಗುತ್ತಾ ಹೋಗುತ್ತದೆ.

ಹಾಗಾಗಿ ಪ್ರತಿ ಜಾಮಿನಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ. ಹಾಲು ಎಲ್ಲಿ ಹೋಯ್ತು?

ಒಣಗಿದ ಪೈಪು ಕುಡಿದಿರಬಹುದು. ಸಡಿಲವಾದ ಜಾಯಿಂಟಿನಿಂದ ಸೋರಿರಬಹುದು. ಮಾಲಿನಲ್ಲೇ ಕಡಿಮೆ ಇದ್ದಿರಬಹುದು. ಕಾದು ಕಾದು ಬಿಗಿಯಾಗಿರಬಹುದು. ಅಥವಾ ಯಾರೋ ನೀರು ಸುರಿದು ತೆಳ್ಳಗೆ ಮಾಡಿ, ಹಾಲು ಜಲ್ಲಿಯನ್ನು ಹಿಡಿದುಕೊಳ್ಳದ ಹಾಗೆ ಮಾಡಿರಬಹುದು.

ಈಗ ಲೆಕ್ಕ. ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 2400 ಕೆ.ಜಿ. ಅಂದರೆ ನಿಂತ ಲೈನಿನಲ್ಲಿ ಹೆಚ್ಚುಕಮ್ಮಿ ಪ್ರತಿ ನಾಲ್ಕೂಕಾಲು ಮೀಟರ್ ಎತ್ತರಕ್ಕೆ 1 ಬಾರ್. 27ನೇ ಮಹಡಿ ನಮಗೆ 85 ಮೀಟರ್. ಸುಮ್ನೆ ನಿಂತರೂ 20 ಬಾರ್ ಕೆಳಗೆ ಒತ್ತುತ್ತಿರುತ್ತದೆ. ದುಬೈನ ಬುರ್ಜ್ ಖಲೀಫಾದಲ್ಲಿ 2008ರಲ್ಲಿ ಒಂದೇ ಏಟಿಗೆ 606 ಮೀಟರಿಗೆ ಕಾಂಕ್ರೀಟ್ ಏರಿಸಿದರು. ಅಲ್ಲಿ ನಿಂತ ತೂಕವೇ 140 ಬಾರ್ ದಾಟುತ್ತದೆ. ಬೇಸಿಗೆಯಲ್ಲಿ ಐಸ್ ಹಾಕಿ, ರಾತ್ರಿ ಹೊತ್ತೇ ಹಾಕುತ್ತಿದ್ದರು. ನಾವು 85 ಮೀಟರಿಗೇ ಬೆವರುತ್ತೇವೆ ಬಿಡಿ.

ಇನ್ನೊಂದು ವಿಷಯ. ಬಹಳ ಪಂಪುಗಳಲ್ಲಿ ಗೇಜ್ ತೋರಿಸೋದು ಎಣ್ಣೆಯ ಒತ್ತಡ, ಕಾಂಕ್ರೀಟಿನದ್ದಲ್ಲ. ನಮ್ಮ ಪಂಪಿನಲ್ಲಿ ಎಣ್ಣೆ 3 ಬಾರ್ ಇದ್ದರೆ ಕಾಂಕ್ರೀಟಿಗೆ ಸಿಗೋದು ಸುಮಾರು 1. ನಿಮ್ಮದರಲ್ಲಿ ಎಷ್ಟು ಅಂತ ಪಂಪಿನ ಕೈಪಿಡಿಯಲ್ಲಿರುತ್ತದೆ. ಅದನ್ನು ಪೇಂಟಿನಲ್ಲಿ ಗೇಜಿನ ಪಕ್ಕ ಬರೆದುಬಿಡಿ. ಆ ರಾತ್ರಿಯ 150ರ ಲೆಕ್ಕ ಬಿಡಿಸಿದರೆ, ಬರೀ ಎತ್ತರಕ್ಕೇ 60, ಉಳಿದದ್ದು ಪೈಪಿನ ಉಜ್ಜುವಿಕೆಗೆ. ಒಳ್ಳೇ ದಿನ ಮುಳ್ಳು ಎಲ್ಲಿರುತ್ತದೆ ಅಂತ ಪ್ರತಿ ಮಹಡಿಗೂ ಬರೆದಿಟ್ಟಿರದಿದ್ದರೆ, ಕೆಟ್ಟ ದಿನ ಅದು ಎಷ್ಟು ಏರಿದೆ ಅಂತ ಹೇಗೆ ಗೊತ್ತಾಗಬೇಕು?

ಮುಳ್ಳು ಏನು ಹೇಳ್ತಿದೆ

ಮಾಲು ಬರ್ತಿಲ್ಲ ಅಂದ ತಕ್ಷಣ ಪಂಪ್ ನಿಲ್ಲಿಸಿ. ಸುತ್ತಿಗೆ ಹಿಡಿಯೋ ಮೊದಲು ಗೇಜ್ ನೆನಪಿಸಿಕೊಳ್ಳಿ.

ಒಂದೆರಡು ಸ್ಟ್ರೋಕಿನಲ್ಲೇ (ಪಂಪಿನ ಪಿಸ್ಟನ್ ಒಂದು ಸಲ ತಳ್ಳಿದರೆ ಒಂದು ಸ್ಟ್ರೋಕ್) ಮುಳ್ಳು ಚಂಗನೆ ಹಾರಿದ್ದರೆ ಜಾಮ್ ಆಗಿದೆ. ಎರಡು ಮೂರು ಗಾಡಿಗಳ ಉದ್ದಕ್ಕೂ ಮೆಲ್ಲಮೆಲ್ಲಗೆ ಏರುತ್ತಾ ಬಂದಿದ್ದರೆ ಮಾಲು ಬಿಗಿಯಾಗುತ್ತಿದೆ, ಅಥವಾ ಲೈನು ಬಿಸಿಲಿಗೆ ಕಾದಿದೆ. ಇನ್ನೂ ಜಾಮ್ ಆಗಿಲ್ಲ, ಆಗೋಕೆ ಹೊರಟಿದೆ. ಮುಳ್ಳು ಕೆಳಗೇ ಇದ್ದು, ಸ್ಟ್ರೋಕ್ ಮಾತ್ರ ಹೊಡೀತಾ ಇದ್ದು, ಮೇಲೆ ಮಾಲು ಸಣ್ಣಗೆ ಬರುತ್ತಿದ್ದರೆ ತಪ್ಪು ಪಂಪಿನದು. ಲೈನ್ ಬಿಡಿ, ಪಂಪ್ ನೋಡಿ. ಇನ್ನು ಮುಳ್ಳು ಸರಿಯಾಗಿಯೇ ಇದೆ, ಆದರೆ ಪೈಪು ಹಾವಿನ ಹಾಗೆ ಒದ್ದಾಡುತ್ತಿದೆ ಅಂದರೆ ಆಧಾರ ಸಡಿಲ. ಇದನ್ನು ಯಾರೂ ದೋಷ ಅಂತಲೇ ಲೆಕ್ಕಕ್ಕೆ ಇಡಲ್ಲ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಇದು ಎರಡು ಗಂಟೆ ಬಿಟ್ಟು ಜಾಮ್ ಆಗಿ ಬರುತ್ತದೆ. ಆಗ ಯಾರಿಗೂ ಇದರ ನೆನಪೇ ಇರಲ್ಲ.

ಜಾಮ್ ಎಲ್ಲಿದೆ ಅಂತ ಕಂಡುಹಿಡಿಯೋದು

ರಿವರ್ಸ್ ಹಾಕಿ ಮೂರು ನಾಲ್ಕು ಸ್ಟ್ರೋಕ್ ಹಿಂದಕ್ಕೆ ಎಳೆಯಿರಿ. ಹಾಪರಿನಲ್ಲಿ, ಅಂದರೆ ಗಾಡಿಯಿಂದ ಮಾಲು ಬೀಳುವ ಪಂಪಿನ ತೊಟ್ಟಿಯಲ್ಲಿ, ಮಾಲು ಏರಬೇಕು. ಹಾಪರಿನಲ್ಲೇ ಒಮ್ಮೆ ಚೆನ್ನಾಗಿ ಕಲಸಿ, ನಿಧಾನವಾಗಿ ಮುಂದಕ್ಕೆ ತಳ್ಳಿ. ಬಿಟ್ಟುಕೊಂಡರೆ ಸರಿ. ಇಲ್ಲದಿದ್ದರೆ ಇನ್ನೊಂದು ಸಲ. ಮೂರನೇ ಸಲವೂ ಮುಳ್ಳು ಮೇಲಕ್ಕೇ ಹಾರಿದರೆ ನಿಲ್ಲಿಸಿಬಿಡಿ. ನಾಲ್ಕನೇ ಸಲ ತಳ್ಳುವ ಆಪರೇಟರ್ ಜಾಮ್ ಬಿಡಿಸುತ್ತಿಲ್ಲ, ಗಟ್ಟಿ ಮಾಡುತ್ತಿದ್ದಾನೆ.

ಈ ಹಿಂದೆ ಮುಂದೆ ಆಟದಲ್ಲೇ ಒಂದು ಸುಳಿವು ಇದೆ. ಮುಂದಕ್ಕೆ ತಳ್ಳಿದ ಮೊದಲ ಸ್ಟ್ರೋಕಿಗೇ ಮುಳ್ಳು ಏರಿದರೆ ಜಾಮ್ ಪಂಪಿನ ಹತ್ತಿರವೇ ಇದೆ. ಹೆಚ್ಚಾಗಿ ರಿಡ್ಯೂಸರಿನಲ್ಲಿ (ಪೈಪು ಕಿರಿದಾಗುವ ತುಂಡು) ಅಥವಾ ಮೊದಲ ಬೆಂಡಿನಲ್ಲಿ (ಪೈಪು ತಿರುಗುವ ತುಂಡು). ನಾಲ್ಕೈದು ಸ್ಟ್ರೋಕ್ ತೆಗೆದುಕೊಂಡು ಏರಿದರೆ ದೂರ ಇದೆ.

ಆಮೇಲೆ ಕಾಲಿಗೆ ಕೆಲಸ. ಒಬ್ಬ ಮೇಲಿಂದ ಮೆಟ್ಟಿಲು ಇಳಿಯುತ್ತಾ ಬರಬೇಕು, ಆಪರೇಟರ್ ಆಗಾಗ ಒಂದೊಂದು ಮೆಲುವಾದ ಸ್ಟ್ರೋಕ್ ಕೊಡಬೇಕು. ಜಾಮಿನ ಈಚೆಗಿನ, ಅಂದರೆ ಪಂಪಿನ ಕಡೆಯ ಪೈಪು ಪ್ರತಿ ಸ್ಟ್ರೋಕಿಗೂ ಜುಮ್ಮೆನ್ನುತ್ತದೆ. ಆಚೆಗಿನದು ಸತ್ತ ಹಾಗೆ ಇರುತ್ತದೆ. ಜಾಯಿಂಟಿನಿಂದ ಒಂದು ಮಾರು ದೂರ ನಿಂತು, ಪೈಪಿನ ನಡುಭಾಗಕ್ಕೆ ಮಾತ್ರ ಕೈ ಇಡಿ. ಎದುರಿಗೆ ನಿಲ್ಲಬೇಡಿ.

ಆ ರಾತ್ರಿ ನಾನೇ ಇಳಿದೆ. 26, 25, 24, ಕೈ ಇಟ್ಟಲ್ಲೆಲ್ಲ ತಣ್ಣಗೆ, ಅಲುಗಾಟವೇ ಇಲ್ಲ. 20ರಲ್ಲಿ ನಿಂತು ಒಂದು ಬೀಡಿ ಸೇದೋಣ ಅನ್ನಿಸಿತು, ಬಿಟ್ಟೆ. 16ರಲ್ಲಿ ನಮ್ಮ ಲೈನು ಒಂದು ಶಾಫ್ಟಿನಿಂದ (ಮಹಡಿಗಳ ಮೂಲಕ ಪೈಪುಗಳು ಹಾದುಹೋಗುವ ತೆರಪು) ಪಕ್ಕದ ಶಾಫ್ಟಿಗೆ ತಿರುಗುತ್ತಿತ್ತು, ಎರಡು ಬೆಂಡ್. ಅಲ್ಲೂ ಎರಡನೇ ಬೆಂಡ್ ಸತ್ತಿತ್ತು. ಮೊದಲನೇ ಬೆಂಡ್ ಮಾತ್ರ ಸ್ಟ್ರೋಕ್ ಬಿದ್ದ ಕೂಡಲೇ ಗೋಡೆಗೆ ಗುದ್ದಿತು. ಸುತ್ತಿಗೆಯಿಂದ ಮೆಲ್ಲಗೆ ಬಡಿದೆ. ಬೇರೆ ಕಡೆ "ಡಬ್" ಅಂದದ್ದು ಅಲ್ಲಿ "ಟಕ್" ಅಂತ ಕಲ್ಲಿಗೆ ಬಡಿದ ಹಾಗೆ ಕೇಳಿಸಿತು.

ಜಾಮ್ ಸಿಕ್ಕಿತು. ಆದರೆ ಕಾರಣ ಸಿಗಲಿಲ್ಲ. ಅದಕ್ಕೆ ಇನ್ನೆರಡು ಮಹಡಿ ಇಳಿಯಬೇಕಿತ್ತು. 14ನೇ ಮಹಡಿಯಲ್ಲಿ ಟಾರ್ಚ್ ಬಿಟ್ಟರೆ ಶಾಫ್ಟಿನ ಗೋಡೆ ತುಂಬ ಬೂದು ಬಣ್ಣದ ಹಾಲು ಇಳಿದಿತ್ತು. ಒಂದು ಜಾಯಿಂಟಿನ ಕೆಳಗೆ ಹಾಲು ಕೆನೆ ಕಟ್ಟಿದ ಹಾಗೆ ಹೆಪ್ಪುಗಟ್ಟಿತ್ತು. ಕ್ಲ್ಯಾಂಪ್ ಇದೆ, ಒಳಗಿನ ರಬ್ಬರ್ ಒಂದು ಕಡೆ ಹೊರಗೆ ಬಂದಿದೆ. ಪೈಪಿಗೂ ಸ್ಲ್ಯಾಬಿನ ತೂತಿಗೂ ನಡುವೆ ಬಡಿದಿದ್ದ ಬೆಣೆ ಇಲ್ಲ. ಹಿಂದಿನ ದಿನ ಅದೇ ಶಾಫ್ಟಿನಲ್ಲಿ ತಮ್ಮ ಪೈಪ್ ಇಳಿಸೋಕೆ ಬೇರೊಂದು ಕೆಲಸದವರು ಅದನ್ನು ಕಿತ್ತು ಪಕ್ಕಕ್ಕೆ ಇಟ್ಟಿದ್ದರು. ಪಾಪ, ಅಚ್ಚುಕಟ್ಟಾಗಿ ಗೋಡೆಗೆ ಒರಗಿಸಿ ಇಟ್ಟಿದ್ದರು.

ಬೆಣೆ ಇಲ್ಲದ ಪೈಪು ಪ್ರತಿ ಸ್ಟ್ರೋಕಿಗೂ ಕುಣಿಯಿತು. ಕುಣಿದು ಕುಣಿದು ರಬ್ಬರ್ ಜಾರಿತು. ಜಾರಿದ ಕಡೆ ಹಾಲು ಸೋರಿತು. ಹಾಲಿಲ್ಲದ ಜಲ್ಲಿ ಮುಂದಿನ ಬೆಂಡಿನಲ್ಲಿ ಸಿಕ್ಕಿಕೊಂಡಿತು. ಜಾಮ್ ಸಿಕ್ಕಿದ ಜಾಗವೇ ಬೇರೆ, ಹುಟ್ಟಿದ ಜಾಗವೇ ಬೇರೆ. ನಾವು 16ರ ಬೆಂಡ್ ಬಿಚ್ಚಿ ತೊಳೆದು ಮತ್ತೆ ಕೂರಿಸಿ ಪಂಪ್ ಶುರು ಮಾಡಿದ್ದಿದ್ದರೆ, ಇನ್ನರ್ಧ ಗಂಟೆಗೆ ಅಲ್ಲೇ ಇನ್ನೊಂದು ಜಾಮ್ ಆಗುತ್ತಿತ್ತು.

ಬಿಚ್ಚುವಾಗ

ಇಲ್ಲಿ ಆತುರ ಬೇಡ. ಜನ ಸಾಯೋದು ಇಲ್ಲೇ.

ಮೊದಲು ರಿವರ್ಸ್ ಹಾಕಿ ಒತ್ತಡ ಇಳಿಸಿ. ಗೇಜ್ ಸೊನ್ನೆಗೆ ಬರಲಿ. ಕೆಳಗೆ ಪಂಪಿನ ಹತ್ತಿರದ ಗೇಟ್ ವಾಲ್ವ್ ಮುಚ್ಚಿ, ಇಂಜಿನ್ ಆಫ್ ಮಾಡಿ, ಕೀಲಿ ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ತಲೆಲೆಕ್ಕ ಹಾಕಿ, ಜಾಮಿನ ಮೇಲೆ ಎಷ್ಟು ಮಾಲು ನಿಂತಿದೆ ಅಂತ. 125 ಮಿ.ಮೀ. ಪೈಪಿನಲ್ಲಿ ಮೀಟರಿಗೆ ಹನ್ನೆರಡು ಲೀಟರಿಗಿಂತ ಸ್ವಲ್ಪ ಜಾಸ್ತಿ. 16ರಿಂದ 27ರವರೆಗೆ ನಮಗೆ 34 ಮೀಟರ್. ಅಂದರೆ ಸುಮಾರು 420 ಲೀಟರ್. ಒಂದು ಟನ್ ಕಾಂಕ್ರೀಟು ತಲೆಯ ಮೇಲೆ ನಿಂತಿದೆ. ಕ್ಲ್ಯಾಂಪ್ ಬಿಚ್ಚಿದ ಕೂಡಲೇ ಬೀಳೋಕೆ ಕಾಯುತ್ತಿದೆ. ಕೆಳಗಿನ ಮಹಡಿಗಳಲ್ಲಿ ಶಾಫ್ಟಿನ ಹತ್ತಿರ ಯಾರೂ ಇರಬಾರದು. ತಾರ್ಪಾಲು ಹಾಸಿ, ಜಾಯಿಂಟಿಗೆ ಒದ್ದೆ ಗೋಣಿಚೀಲ ಸುತ್ತಿ, ಪಕ್ಕದಲ್ಲಿ ನಿಂತು ಮೆಲ್ಲಗೆ ಸಡಿಲ ಮಾಡಿ. ಸುಯ್ ಅಂತ ಏನಾದರೂ ಬಂದರೆ ಅಲ್ಲೇ ಬಿಟ್ಟು ಕಾಯಿರಿ.

ಬೆಂಡ್ ಬಿಚ್ಚಿದಾಗ ಒಳಗೆ ಸಿಕ್ಕಿದ್ದು ನೋಡಿ ನಮ್ಮ ಮೇಸ್ತ್ರಿ "ಇದೇನ್ ಸಾರ್, ಚುರುಮುರಿ!" ಅಂದರು. ನಿಜವಾಗಿಯೂ ಹಾಗೇ ಇತ್ತು. ಬರೀ ಜಲ್ಲಿ, ಕೈಗೆ ಒಂದು ಚೂರೂ ಅಂಟಲ್ಲ, ಒಂದಕ್ಕೊಂದು ಒತ್ತಿಕೊಂಡು ಕೂತಿವೆ. ಉದ್ದ ಒಂದು ಅಡಿಯೂ ಇರಲಿಲ್ಲ. ಅದರ ಎರಡೂ ಕಡೆ ಮಾಲು ಚೆನ್ನಾಗಿಯೇ ಇತ್ತು. ಇದನ್ನು ಸುಮ್ನೆ ಎಸೆಯಬೇಡಿ, ನೋಡಿ. ಒಣ ಜಲ್ಲಿ ಸಿಕ್ಕಿದರೆ ಹಾಲು ಸೋರಿದೆ. ಗಟ್ಟಿ ಉಂಡೆ ಸಿಕ್ಕಿದರೆ ಗಾಡಿಯ ಡ್ರಮ್ಮಿನಲ್ಲಿ ಅಂಟಿದ್ದ ಹಳೇ ಕಾಂಕ್ರೀಟು ಕಿತ್ತು ಬಂದಿದೆ, ಹಾಪರಿನ ಜಾಲರಿ ಯಾರು ತೆಗೆದರು ಅಂತ ಕೇಳಿ. ಪೂರ್ತಿ ಬಿಗಿದ ಮಾಲು ಸಿಕ್ಕಿದರೆ ಅದು ಕಾದದ್ದರ ಫಲ.

ಮತ್ತೆ ಶುರು ಮಾಡುವಾಗ ಲೈನಿನಲ್ಲಿ ಗಾಳಿ ಸೇರಿರುತ್ತದೆ. ಗಾಳಿ ಒತ್ತಿಕೊಂಡು ಕೊನೆಗೆ ರಬ್ಬರ್ ಹೋಸಿನಿಂದ ಒಮ್ಮೆಲೇ ಹೊರಬೀಳುತ್ತದೆ. ಆಗ ಆ ಹೋಸು ಆನೆ ಸೊಂಡಿಲು ಬೀಸಿದ ಹಾಗೆ ಬೀಸುತ್ತದೆ. ಮಾಲು ಒಂದೇ ಸಮ ಬರುವ ತನಕ ಯಾರೂ ಹೋಸ್ ಹಿಡಿಯಬಾರದು, ಹತ್ತಿರವೂ ಇರಬಾರದು. ಎಲ್ಲರಿಗೂ ಅವರವರ ಭಾಷೆಯಲ್ಲಿ ಹೇಳಿ. ನಮ್ಮ ಹುಡುಗರಲ್ಲಿ ರಾಯಚೂರು ಕಡೆಯವರು, ಒಡಿಶಾದವರು, ಬಿಹಾರದವರು ಎಲ್ಲ ಇದ್ದಾರೆ. "ದೂರ ಇರಿ" ಅಂತ ಕನ್ನಡದಲ್ಲಿ ಕೂಗಿ ಸುಮ್ಮನಾದರೆ ಅರ್ಧ ಜನಕ್ಕೆ ಕೇಳಿಸಿಯೂ ಕೇಳಿಸಿರಲ್ಲ.

ಶುರುವಿನಲ್ಲೇ ಜಾಮ್ ಆದರೆ

ಮೊದಲ ಗಾಡಿಯಲ್ಲೇ ಸಿಕ್ಕಿಕೊಂಡರೆ ಹೆಚ್ಚು ಹುಡುಕಬೇಕಾಗಿಲ್ಲ. ಲೈನಿಗೆ ಹಾಲು ಕುಡಿಸಿಲ್ಲ, ಅಥವಾ ಸಾಕಾಗಿಲ್ಲ. ಪಂಪ್ ಶುರು ಮಾಡುವ ಮುಂಚೆ ನೀರು ಬಿಟ್ಟು ಪೈಪ್ ಒದ್ದೆ ಮಾಡಬೇಕು, ಆಮೇಲೆ ಸಿಮೆಂಟ್ ಹಾಲು ಅಥವಾ ತೆಳು ಗಾರೆ ಬಿಡಬೇಕು, ಅದರ ಬೆನ್ನಿಗೇ ಕಾಂಕ್ರೀಟ್. ಲೈನ್ ಉದ್ದ ಆದಷ್ಟೂ ಹಾಲು ಜಾಸ್ತಿ ಬೇಕು. ಹತ್ತನೇ ಮಹಡಿಗೆ ಹಾಕಿದಷ್ಟೇ ಹಾಲು ಇಪ್ಪತ್ತೇಳಕ್ಕೂ ಹಾಕುವ ಚಾಳಿ ನಮ್ಮಲ್ಲಿದೆ. ಫೆಬ್ರವರಿ ಮಾರ್ಚಿನಲ್ಲಿ ಬೆಂಗಳೂರಿನ ಗಾಳಿ ಒಣ ಒಣ. ಮಧ್ಯಾಹ್ನ ಟೆರೇಸಿನ ಮೇಲಿನ ಪೈಪು ಮುಟ್ಟೋಕೂ ಆಗಲ್ಲ. ಒದ್ದೆ ಗೋಣಿಚೀಲ ಹೊದಿಸಿ. ಮೇಲೆ ಬಂದ ಮೊದಲ ಹಾಲನ್ನು ಡ್ರಮ್ಮಿಗೆ ಹಿಡಿದು ಬೇರೆ ಕಡೆ ಹಾಕಿ. ಕಾಲಂ ಬುಡಕ್ಕೆ ಸುರಿಯಬೇಡಿ.

ಕಾದು ಬಿಗಿಯಾದ ಮಾಲು

ಇದು ನಮ್ಮೂರಿನ ಸ್ವಂತ ಕಾಯಿಲೆ. ಬೆಳಗ್ಗೆ ಸಂಜೆ ದೊಡ್ಡ ಗಾಡಿಗಳಿಗೆ ಊರೊಳಗೆ ಪ್ರವೇಶ ಇಲ್ಲ. ಹಾಗಾಗಿ ದೊಡ್ಡ ಸ್ಲ್ಯಾಬೆಲ್ಲ ರಾತ್ರಿಯೇ. ರಾತ್ರಿಯೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದೆ ನಿಮ್ಮ ನಾಲ್ಕು ಟ್ರಾನ್ಸಿಟ್ ಮಿಕ್ಸರ್ (ಕಾಂಕ್ರೀಟ್ ಗಾಡಿ) ಸಾಲಾಗಿ ನಿಂತಿರುತ್ತವೆ. ರೆಡಿಮಿಕ್ಸಿನ, ಅಂದರೆ ಪ್ಲಾಂಟಿನಲ್ಲೇ ಕಲಸಿ ತರುವ ಕಾಂಕ್ರೀಟಿನ, ಭಾರತೀಯ ಮಾನಕ ಐ.ಎಸ್. 4926 ಪ್ರಕಾರ, ಸಾಮಾನ್ಯವಾಗಿ ಲೋಡ್ ಆದ 2 ಗಂಟೆಯೊಳಗೆ ಗಾಡಿ ಖಾಲಿಯಾಗಬೇಕು. ಮಾಲು ಬೇಗ ಬಿಗಿಯದ ಹಾಗೆ ರಿಟಾರ್ಡರ್ ಹಾಕಿದ್ದರೆ ಇನ್ನೂ ಸ್ವಲ್ಪ ಸಮಯ ಕೊಡಬಹುದು. ಗೇಟಿಗೆ ಬಂದ ಗಾಡಿಯ ಬ್ಯಾಚ್ ಚೀಟಿಯಲ್ಲಿ ಲೋಡ್ ಆದ ಸಮಯ ನೋಡಿ. ಸ್ಲಂಪ್ ನೋಡಿ, ಅಂದರೆ ಕೋನ್ ಅಚ್ಚಿಗೆ ತುಂಬಿದ ಮಾಲು ಅಚ್ಚು ಎತ್ತಿದಾಗ ಎಷ್ಟು ಕುಸಿಯುತ್ತದೆ ಅಂತ. ನಮ್ಮ ಸೈಟಿನಲ್ಲಿ ಟವರ್ ಲೈನಿಗೆ 160ರಿಂದ 180 ಮಿ.ಮೀ. ಇಟ್ಟುಕೊಂಡಿದ್ದೇವೆ. ಅಂಕಿಗಿಂತ ಜಾಸ್ತಿ ಹೇಳೋದು ರೂಪ. ಕೋನ್ ಎತ್ತಿದಾಗ ರಾಶಿ ಸುತ್ತಲೂ ಒಂದೇ ಸಮ ಕೂತರೆ ಒಳ್ಳೇದು. ನಡುವೆ ಜಲ್ಲಿ ಗುಡ್ಡೆ ಉಳಿದು ಅಂಚಿನಲ್ಲಿ ನೀರು ಬಿಟ್ಟರೆ ಆ ಗಾಡಿಯನ್ನು ಲೈನಿಗೆ ಬಿಡಬೇಡಿ, ಅಂಕಿ ಎಷ್ಟೇ ಇರಲಿ.

ಈಗ ನೀರಿನ ವಿಷಯ. ಗಾಡಿ ಡ್ರೈವರ್ ಪೈಪ್ ಹಿಡಿದು "ಸ್ವಲ್ಪ ನೀರ್ ಬಿಡ್ಲಾ ಅಣ್ಣ" ಅಂತ ಕೇಳ್ತಾನೆ. ಬೇಡ ಅನ್ನಿ. ಬಲ ಕಡಿಮೆ ಆಗುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ನೀರು ಜಾಮನ್ನೂ ಜಾಸ್ತಿ ಮಾಡುತ್ತದೆ ಅನ್ನೋದು. ತೆಳುವಾದ ಹಾಲನ್ನು ಒತ್ತಡ ಜಲ್ಲಿಯ ಸಂದಿಯಿಂದ ಮುಂದಕ್ಕೆ ಹಿಂಡಿಬಿಡುತ್ತದೆ, ಜಲ್ಲಿ ಹಿಂದೆ ಉಳಿಯುತ್ತದೆ. ಸ್ಲಂಪ್ ಕಮ್ಮಿ ಇದ್ದರೆ ಪ್ಲಾಂಟಿನ ಕ್ವಾಲಿಟಿಯವರ ಮುಂದೆ ಅಡ್ಮಿಕ್ಸ್ಚರ್ (ನೀರಿಲ್ಲದೆ ಮಾಲು ಸಡಿಲ ಮಾಡುವ ರಾಸಾಯನಿಕ) ಅಳೆದು ಹಾಕಿ, ಡ್ರಮ್ಮನ್ನು ಜೋರಾಗಿ ಐದಾರು ನಿಮಿಷ ತಿರುಗಿಸಿ, ಮತ್ತೆ ಸ್ಲಂಪ್ ತೆಗೆಯಿರಿ.

ಮುಂದಿನ ಗಾಡಿಗೆ ಕಾಯುವಾಗ ಹಾಪರ್ ಖಾಲಿ ಮಾಡಬೇಡಿ. ಐದು ಹತ್ತು ನಿಮಿಷಕ್ಕೊಮ್ಮೆ ಎರಡು ಸ್ಟ್ರೋಕ್ ಹಿಂದೆ, ಎರಡು ಮುಂದೆ. ಲೈನಿನಲ್ಲಿ ಮಾಲು ನಿದ್ದೆ ಹೋಗಬಾರದು.

ಎಂ-ಸ್ಯಾಂಡ್ ಬದಲಾಗಿದೆಯಾ?

ಮುಳ್ಳು ಮೆಲ್ಲಗೆ ಏರುವ ಕಾಯಿಲೆಗೆ ಇದು ದೊಡ್ಡ ಕಾರಣ. ನದಿ ಮರಳಿನ ಕಾಲ ಹೋಯಿತು, ಈಗ ಎಲ್ಲ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್. ಅದರಲ್ಲಿ ತಪ್ಪಿಲ್ಲ, ಜಲ್ಲಿ ಮರಳಿನ ಮಾನಕ ಐ.ಎಸ್. 383ರ 2016ರ ಆವೃತ್ತಿಯಲ್ಲೇ ಅದಕ್ಕೆ ಜಾಗ ಇದೆ. ಆದರೆ ಕ್ರಷರಿನಿಂದ ಕ್ರಷರಿಗೆ ಅದರ ಗುಣ ಬೇರೆ. ಚಪ್ಪಟೆ ಚೂರು ಜಾಸ್ತಿ ಇದ್ದರೆ ಪೈಪಿಗೆ ಉಜ್ಜುತ್ತದೆ. ವಿಪರೀತ ತೊಳೆದಿದ್ದರೆ ನುಣುಪು ಪುಡಿಯೆಲ್ಲ ಹೋಗಿ ಹಾಲು ತೆಳ್ಳಗಾಗುತ್ತದೆ. ತೊಳೆಯದಿದ್ದರೆ ದೂಳೇ ನೀರು ಕುಡಿದು ಮಾಲು ಅಂಟಂಟಾಗುತ್ತದೆ. ಪಂಪಿಗೆ ಹೋಗುವ ಮರಳಿನಲ್ಲಿ 300 ಮೈಕ್ರಾನ್ ಜರಡಿಯಿಂದ ಇಳಿಯುವುದು 15ರಿಂದ 30 ಶೇಕಡಾ ಇದ್ದರೆ ಒಳ್ಳೇದು. ಹಿಂದಿನ ವಾರ ಚೆನ್ನಾಗಿ ಹೋದ ಅದೇ ಮಿಕ್ಸ್ ಈ ವಾರ ಒದ್ದಾಡಿದರೆ ಪ್ಲಾಂಟಿನವರನ್ನು ಬೈಯಬೇಡಿ. ಮರಳು ಎಲ್ಲಿಂದ ಬಂತು ಅಂತ ಮಾತ್ರ ಕೇಳಿ.

ಮುಳ್ಳು ಕೆಳಗೆ, ಮಾಲೂ ಕಡಿಮೆ

ಪಂಪಿನ ನೀರಿನ ಪೆಟ್ಟಿಗೆಯ ಮುಚ್ಚಳ ತೆಗೆಯಿರಿ, ಪಂಪ್ ಆಫ್ ಇದ್ದಾಗ. ನೀರು ಬೂದು ಬಣ್ಣಕ್ಕೆ ತಿರುಗಿ ಹಾಲಿನ ಹಾಗೆ ಆಗಿದ್ದರೆ ಪಿಸ್ಟನ್ ರಬ್ಬರ್ ಸವೆದಿದೆ. ನೀರು ಸರಿ ಇದ್ದರೆ ಎಸ್ ವಾಲ್ವಿನ (ಹಾಪರಿನೊಳಗೆ ಅತ್ತಿತ್ತ ತಿರುಗಿ ಮಾಲನ್ನು ಲೈನಿಗೆ ಬಿಡುವ ಬಾಗಿದ ಪೈಪು) ಬಾಯಿಯ ಕಟಿಂಗ್ ರಿಂಗಿಗೂ ಅದು ಉಜ್ಜುವ ವೇರ್ ಪ್ಲೇಟಿಗೂ ನಡುವೆ ಸಂದಿ ನೋಡಿ. ಎಸ್ ವಾಲ್ವ್ ತಿರುಗುವಾಗ "ಟಕ್" ಅಂತ ಬಡಿಯಬೇಕು. ಎಳೆದುಕೊಂಡು ಸೋಮಾರಿಯ ಹಾಗೆ ತಿರುಗಿದರೆ ಅಕ್ಯುಮ್ಯುಲೇಟರಿನ (ವಾಲ್ವ್ ತಿರುಗಿಸೋಕೆ ಎಣ್ಣೆಯ ಒತ್ತಡ ಕೂಡಿಡುವ ಡಬ್ಬಿ) ನೈಟ್ರೋಜನ್ ಇಳಿದಿರಬಹುದು. ಇದೊಂದೂ ಅಲ್ಲದಿದ್ದರೆ, ಹಾಪರಿನಲ್ಲಿ ಮಾಲು ಕಮ್ಮಿಯಾಗಿ ಪಂಪು ಗಾಳಿ ಎಳೆಯುತ್ತಿದೆ ಅಷ್ಟೆ. ಮುಕ್ಕಾಲು ಸಲ ಇದೇ.

ಪೈಪಿಗೆ ಆಧಾರ

ಪ್ರತಿ ಸ್ಟ್ರೋಕಿಗೂ ಲೈನು ಒಮ್ಮೆ ಹಿಂದೆ ಒಮ್ಮೆ ಮುಂದೆ ಒದೆಯುತ್ತದೆ. ಆ ಒದೆತ ಎಲ್ಲಿಗೆ ಹೋಗಬೇಕು ಅಂತ ನೀವೇ ತೀರ್ಮಾನ ಮಾಡಬೇಕು. ಇಲ್ಲದಿದ್ದರೆ ಅದೇ ತೀರ್ಮಾನ ಮಾಡಿಕೊಳ್ಳುತ್ತದೆ, ಹೆಚ್ಚಾಗಿ ಒಂದು ಜಾಯಿಂಟಿನಲ್ಲಿ. ನೆಲದಲ್ಲಿ ಲೈನು ಮೇಲಕ್ಕೆ ತಿರುಗುವ ಬೆಂಡಿಗೆ ಕಾಂಕ್ರೀಟ್ ದಿಮ್ಮಿ ಹಾಕಿ ಕಟ್ಟಬೇಕು. ಪಂಪಿನಿಂದ ಆ ಬೆಂಡಿನವರೆಗೆ ಅಡ್ಡ ಲೈನು, ಎತ್ತರದ 15ರಿಂದ 20 ಶೇಕಡಾದಷ್ಟಾದರೂ ಇರಲಿ ಅನ್ನೋದು ಕೈಲೆಕ್ಕ. ಮೇಲಿನ ತೂಕ ನೇರ ಪಂಪಿನ ಮೇಲೆ ಬೀಳದ ಹಾಗೆ ಅದು ತಡೆಯುತ್ತದೆ. ಪ್ರತಿ ಮಹಡಿಯ ತೂತಿನಲ್ಲಿ ಬೆಣೆ, ಗೋಡೆಗೆ ಬ್ರಾಕೆಟ್. ಸ್ಕಫೋಲ್ಡಿಂಗಿಗೋ ಸೆಂಟ್ರಿಂಗಿಗೋ (ಹಸಿ ಕಾಂಕ್ರೀಟನ್ನು ಹೊರುವ ಅಚ್ಚು, ಊರುಗೋಲು) ಲೈನನ್ನು ಕಟ್ಟಲೇಬೇಡಿ. ಟೆರೇಸಿನ ಮೇಲೆ ಕಂಬಿಗೆ ತಾಗದ ಹಾಗೆ ಹಳೇ ಟೈರುಗಳ ಮೇಲೆ ಮಲಗಿಸಿ. ನೋಡೋಕೆ ಚೆನ್ನಾಗಿರಲ್ಲ, ಒದೆತವನ್ನು ಚೆನ್ನಾಗಿ ನುಂಗುತ್ತದೆ.

ಆ ರಾತ್ರಿಯಾದ ಮೇಲೆ ನಾವು ಬೆಣೆಗಳಿಗೆಲ್ಲ ಕೆಂಪು ಪೇಂಟ್ ಹೊಡೆದೆವು. ಪ್ರತಿ ಸ್ಲ್ಯಾಬಿಗೆ ಮುಂಚೆ ಒಬ್ಬ ಹುಡುಗ ಮೇಲಿಂದ ಕೆಳಗೆ ಇಳಿದು ಕೆಂಪು ಎಣಿಸಿ ಬರುತ್ತಾನೆ. ಇಪ್ಪತ್ತು ನಿಮಿಷದ ಕೆಲಸ.

ಜಾಕಿ, ಸೆಂಟ್ರಿಂಗ್

ಲೈನ್ ಜಾಮ್ ಆಗಿ ಬಿಟ್ಟುಕೊಂಡ ಕೂಡಲೇ ಮೇಲಿನವರು ಮಾಡುವ ತಪ್ಪು ಒಂದಿದೆ. ತಡವಾಯ್ತು ಅಂತ ಹೋಸ್ ಒಂದೇ ಕಡೆ ಹಿಡಿದು ಸುರಿಯುತ್ತಾರೆ. 150 ಮಿ.ಮೀ. ಸ್ಲ್ಯಾಬಿನ ಹಸಿ ತೂಕ ಚದರ ಮೀಟರಿಗೆ 360 ಕೆ.ಜಿ. ಅಲ್ಲೇ ಒಂದು ಮೀಟರ್ ಎತ್ತರದ ಗುಡ್ಡೆ ನಿಂತರೆ 2400 ಕೆ.ಜಿ. ಸ್ಲ್ಯಾಬಿನ ಅಚ್ಚನ್ನು ಕೆಳಗಿನಿಂದ ಹೊತ್ತ ಊರುಗೋಲು, ಅಂದರೆ ಜಾಕಿ, ಯಾವ ಲೆಕ್ಕಕ್ಕೆ ನಿಲ್ಲಿಸಿದ್ದು ಹೇಳಿ? ಹೋಸನ್ನು ಓಡಾಡಿಸುತ್ತಲೇ ಇರಬೇಕು.

ಸ್ಲ್ಯಾಬ್ ಹಾಕುವಾಗ ಕೆಳಗಿನ ಮಹಡಿಯಲ್ಲಿ ಒಬ್ಬ ಸೆಂಟ್ರಿಂಗ್ ಮೇಸ್ತ್ರಿ ಟಾರ್ಚ್ ಹಿಡಿದು ನಿಂತಿರಬೇಕು. ದಾರ ಕಟ್ಟಿರಬೇಕು, ದಾರಕ್ಕೂ ಪ್ಲೈಗೂ ಅಂತರ ಬದಲಾದರೆ ಕೂಗಬೇಕು. ಭಾರ ಹೊತ್ತ ಜಾಕಿಗೆ ಬಡಿದರೆ ಬಿಗಿಯಾದ ಸದ್ದು. ಗಡಗಡ ಅಂದರೆ ಅದು ಸುಮ್ನೆ ನಿಂತಿದೆ, ಅದರ ಭಾರವನ್ನು ಪಕ್ಕದ್ದು ಹೊತ್ತಿದೆ. ಒಂದೇ ಜಾಗದಲ್ಲಿ ಹಾಲು ಧಾರೆಯಾಗಿ ಇಳಿದರೆ ಪ್ಲೈ ಬಾಯಿ ಬಿಟ್ಟಿದೆ. ಸಡಿಲ ಜಾಕಿಯನ್ನು ಕೈಬಿಗಿ ಮಾಡಿ ಸಾಕು. ಇಳಿದ ಸ್ಲ್ಯಾಬನ್ನು ಜಾಕಿ ತಿರುಗಿಸಿ ಎತ್ತೋಕೆ ಹೋಗಬೇಡಿ. ಮೇಲೆ ಸುರಿಯೋದು ನಿಲ್ಲಿಸಿ, ಗುಡ್ಡೆ ಎಳೆಸಿ, ಪಕ್ಕಕ್ಕೆ ಹೊಸ ಜಾಕಿ ಕೊಡಿ.

ಗೋಡೆ, ಕಾಲಂ ಬಾಕ್ಸ್ ಉಬ್ಬಿದರೆ ಕಾರಣ ಬಹುಪಾಲು ವೇಗ. 3 ಮೀಟರ್ ಗೋಡೆಯನ್ನು ಪಂಪ್ ಇದೆ ಅಂತ ಒಂದೇ ಉಸಿರಿಗೆ ತುಂಬಿಸಿದರೆ ಬುಡದಲ್ಲಿ ಚದರ ಮೀಟರಿಗೆ ಏಳು ಟನ್ನಿನಷ್ಟು ಹೊರಗೆ ಒತ್ತುತ್ತದೆ. ಪದರ ಪದರವಾಗಿ ತುಂಬಿಸಿ.

ಇನ್ನು ಕೆಳಗಿನ ಮಹಡಿಗಳ ಜಾಕಿ. ವಾರಕ್ಕೊಂದು ಸ್ಲ್ಯಾಬ್ ಹಾಕುವ ಸೈಟಿನಲ್ಲಿ ಹೊಸ ಸ್ಲ್ಯಾಬಿನ ಭಾರ ಹೊರುವುದು ಒಂದು ವಾರದ ಎಳೇ ಸ್ಲ್ಯಾಬು. ಅದರ ಕೆಳಗೂ ಜಾಕಿ ಬೇಕು, ಅದರ ಕೆಳಗೂ ಬೇಕು. ಎಷ್ಟು ಮಹಡಿ ಅನ್ನೋದನ್ನು ಡಿಸೈನರ್ ಹೇಳಬೇಕು, ಸಾಮಾನು ಸಾಲದ ಸ್ಟೋರ್ ಕೀಪರ್ ಅಲ್ಲ. ಕಾಂಕ್ರೀಟ್ ಕಟ್ಟಡಗಳ ಮಾನಕ ಐ.ಎಸ್. 456ರಲ್ಲಿ ನಾಲ್ಕೂವರೆ ಮೀಟರ್ ಅಗಲದ ತನಕದ ಸ್ಲ್ಯಾಬಿನ ಜಾಕಿ ತೆಗೆಯೋಕೆ 7 ದಿನ, ಅದಕ್ಕಿಂತ ಅಗಲ ಇದ್ದರೆ 14 ದಿನ ಅಂತ ಇದೆ. ಎಲ್ಲರೂ ಬಾಯಿಪಾಠ ಹೇಳ್ತಾರೆ. ಅದರ ಮೇಲಿನ ಸಾಲು ಯಾರೂ ಓದಲ್ಲ. ಈ ದಿನಗಳು ಒ.ಪಿ.ಸಿ. (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ, ಹವೆ 15 ಡಿಗ್ರಿಗಿಂತ ಕೆಳಗೆ ಇಳಿಯದಿದ್ದಾಗ. ನಮ್ಮ ಡಿಸೆಂಬರ್ ಜನವರಿ ರಾತ್ರಿಗಳು ಆ ಅಂಚಿಗೇ ಬರುತ್ತವೆ, ಮಿಕ್ಸಿನಲ್ಲಿ ಹಾರುಬೂದಿಯೂ ಇರುತ್ತದೆ. ದಿನ ಎಣಿಸಬೇಡಿ, ಅದೇ ಮಾಲಿನಿಂದ ಪರೀಕ್ಷೆಗೆ ಎರೆದ ಕ್ಯೂಬ್ ಒಡೆದು ಬಲ ನೋಡಿ.

ನಿಂತುಹೋದ ಸ್ಲ್ಯಾಬ್, ಲೈನ್ ತೊಳೆಯೋದು

ಜಾಮ್ ಬಿಡಿಸುವಷ್ಟರಲ್ಲಿ ಮೇಲೆ ಅರ್ಧಕ್ಕೆ ನಿಂತ ಸ್ಲ್ಯಾಬಿನ ಅಂಚು ಬಿಗಿದಿತ್ತಾ ಅಂತ ವೈಬ್ರೇಟರ್ ಇಳಿಸಿ ನೋಡಿ. ತನ್ನ ತೂಕಕ್ಕೇ ಇಳಿದು, ತೆಗೆದಾಗ ತೂತು ಮುಚ್ಚಿಕೊಂಡರೆ ಮುಂದುವರಿಸಬಹುದು. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಡಿಸೈನರಿಗೆ ಫೋನ್ ಮಾಡಿ, ಅವರು ಹೇಳಿದ ಕಡೆ ಹಳೇ ಕಾಂಕ್ರೀಟಿಗೆ ಹೊಸದು ಸೇರುವ ಸರಿಯಾದ ಜಾಯಿಂಟ್ ಕೊಡಿ. ನಮಗೆ ರಿಟಾರ್ಡರ್ ಇದ್ದದ್ದಕ್ಕೆ, ರಾತ್ರಿ ತಂಪಿದ್ದದ್ದಕ್ಕೆ ಬಚಾವಾದೆವು. ನಾಲ್ಕು ಗಂಟೆಗೆ ಮತ್ತೆ ಮಾಲು ಬಂತು.

ಕೊನೇ ಗಾಡಿ ಮುಗಿದ ಮೇಲೆ ಎಲ್ಲರಿಗೂ ಚಹಾ ನೆನಪಾಗುತ್ತದೆ, ಲೈನು ಮರೆತುಹೋಗುತ್ತದೆ. ಸ್ಪಂಜ್ ಚೆಂಡು ಹಾಕಿ ನೀರಿನಿಂದ ತೊಳೆಯಿರಿ. ಗಾಳಿಯಿಂದ ತೊಳೆಯೋದಾದರೆ ಚೆಂಡು ಹಿಡಿಯುವ ಬುಟ್ಟಿ ತುದಿಗೆ ಕಟ್ಟದೆ ಗಾಳಿ ಬಿಡಲೇಬೇಡಿ. ಚೆಂಡು ಹೊರಗೆ ಬಂತಾ ಅಂತ ಕಣ್ಣಾರೆ ನೋಡಿ, ಆಮೇಲೆ ಬೆಂಡುಗಳನ್ನು ಬಿಚ್ಚಿ ಒಳಗೆ ಕೈ ಆಡಿಸಿ. ಹೊರ ತಿರುವಿನ ಕಡೆ ಲೋಹ ಸವೆದು ತೆಳ್ಳಗಾಗಿರುತ್ತದೆ, ಒಳ ತಿರುವಿನಲ್ಲಿ ಹಳೇ ಕಾಂಕ್ರೀಟು ಹೊಪ್ಪಳೆ ಕಟ್ಟಿರುತ್ತದೆ. ಆ ಹೊಪ್ಪಳೆಯನ್ನು ಹಸಿ ಇದ್ದಾಗಲೇ ಕೆರೆದು ತೆಗೆಯಿರಿ, ರಬ್ಬರ್ ರಿಂಗುಗಳನ್ನು ಬಕೆಟ್ ನೀರಿನಲ್ಲಿ ಹಾಕಿಡಿ.